ಬಾಣಂತಿಯ ಬೆರಳೂ ಅಂಟಿಸಿದ ಉಗುರೂ

ತಿರುವಲ್ಲಿಕ್ಕೇಣಿಯ ಓಣಿಯೊಂದರಲ್ಲಿ ವಾಸವಾಗಿರುವ ನಮ್ಮವರೊಬ್ಬರ ಮನೆಗೆ ಈಚೆಗೆ ತೊಟ್ಟಿಲ ಶಾಸ್ತ್ರದ ನಿಮಿತ್ತ ಹೋಗಿದ್ದೆವು. ಮನೆಯ ಯಜಮಾನರು ಕುಂದಾಪುರದ ಕಡೆಯವರು. ಹೋಟೆಲೊಂದರ ಗಲ್ಲಾದ ಲೆಕ್ಕ ನೋಡುವವರು. ಎರಡು ಕೋಣೆಯ ಮನೆ, ತುಂಬ ಜನ, ಹನ್ನೆರಡು ದಿನದ ಗಂಡುಕೂಸು. ಬಾಣಂತಿ ಹೊರಗೆ ಬಂದು ಕೂಸನ್ನು ತೊಟ್ಟಿಲಲ್ಲಿ ಮಲಗಿಸುವಾಗ ನೆರೆದ ಹೆಂಗಸರ ದೃಷ್ಟಿ ಕೂಸಿಗಿಂತ ಮೊದಲು ತಾಯಿಯ ಕೈಗಳ ಮೇಲೆ ಬಿದ್ದಿತು. ಹತ್ತು ಬೆರಳಿಗೂ ಒಂದೊಂದು ಅಂಗುಲ ಉದ್ದದ, ದಾಳಿಂಬೆಯ ಬಣ್ಣದ, ಅಂಟಿಸಿದ ಉಗುರುಗಳು! ಛಾಯಾಚಿತ್ರ ಚೆನ್ನಾಗಿ ಬರಲೆಂದು ತಂಗಿ ಪೇಟೆಯಿಂದ ತಂದು ಅಂಟಿಸಿದ್ದಳಂತೆ.

ಅತ್ತೆಯವರು ಎಲ್ಲರೆದುರಿಗೆ, "ಈ ಉಗುರು ಇಟ್ಟುಕೊಂಡು ಕೂಸನ್ನು ಮೀಯಿಸುವುದು ಹೇಗೆ ಮಗಾ?" ಎಂದರು. "ನಾಲ್ಕು ದಿನಕ್ಕಷ್ಟೇ ಅತ್ತೆ, ಆಮೇಲೆ ತೆಗೆದುಬಿಡುತ್ತೇನೆ" ಎಂದ ಆ ಹುಡುಗಿ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ಪಾಯಸ ಬಡಿಸುವ ಹೊತ್ತಿಗೆ ಅವಳ ಕಣ್ಣು ಕೆಂಪಾಗಿದ್ದುದನ್ನು ನಾವು ಕಂಡೆವು. ಅತ್ತೆಯವರ ಮಾತು ಸುಳ್ಳಲ್ಲ. ಆಡಿದ ಸಂದರ್ಭ ಮಾತ್ರ ಸರಿಯಲ್ಲ. ಈ ಎರಡನ್ನೂ ಬಿಡಿಸಿ ನೋಡಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ವಾಚಕರಲ್ಲಿ ಬಹುಮಂದಿ ಅಡುಗೆಮನೆಯಲ್ಲಿಯೋ ಮೇಜಿನ ಬಳಿಯಲ್ಲಿಯೋ ದುಡಿಯುವವರು. ಉಗುರಿನ ವಿಚಾರವನ್ನು ಅವರಿಗೆ ಹೊಸದಾಗಿ ಬೋಧಿಸಬೇಕಾಗಿಲ್ಲ. 2011ರ ಆಹಾರ ಸುರಕ್ಷತಾ ನಿಯಮಾವಳಿಯ ನಾಲ್ಕನೆಯ ಅನುಸೂಚಿಯಲ್ಲಿ, ಆಹಾರವನ್ನು ಮುಟ್ಟುವ ನೌಕರರು ಉಗುರನ್ನು ಕತ್ತರಿಸಿ ಚೊಕ್ಕಟವಾಗಿಟ್ಟುಕೊಳ್ಳಬೇಕು, ಕೆಲಸಕ್ಕೆ ತೊಡಗುವ ಮೊದಲೂ ಶೌಚಕ್ಕೆ ಹೋಗಿ ಬಂದಾಗಲೂ ಸಾಬೂನಿನಿಂದ ಕೈ ತೊಳೆಯಬೇಕು ಎಂದು ವಿಧಿಸಿದೆ. ಕಾನೂನು ಬರುವುದಕ್ಕೆ ಬಹಳ ಹಿಂದೆಯೇ ಈ ಶಿಸ್ತು ಉಡುಪಿ ಹೋಟೆಲುಗಳಲ್ಲಿತ್ತು. ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕಾಲದಿಂದಲೂ ಈ ಊರಿನವರು ನಮ್ಮ ಹೋಟೆಲುಗಳಿಗೆ ರುಚಿಗಾಗಿ ಎಷ್ಟು ಬಂದರೋ ಶುಚಿಗಾಗಿಯೂ ಅಷ್ಟೇ ಬಂದರು. ಪರಿಚಯವಿಲ್ಲದ ಗಿರಾಕಿಯ ಇಡ್ಲಿಗಾಗಿ ನಾವು ಪಾಲಿಸುವ ನಿಯಮವು ನಮ್ಮದೇ ಕೂಸಿನ ಬಾಯಿಯ ಬಳಿ ಸಡಿಲವಾಗುವುದು ಹೇಗೆ?

ಉದ್ದುಗುರಿನ ಕೆಳಗೆ ಏನಿರುತ್ತದೆಂಬುದನ್ನು ಸ್ವಲ್ಪ ವಿವರಿಸಬೇಕು. ಕೈಯ ಮೇಲೆ ವಾಸಿಸುವ ಸೂಕ್ಷ್ಮಜೀವಿಗಳ ದೊಡ್ಡ ಪಾಲು ಅಂಗೈಯಲ್ಲಿಲ್ಲ. ಉಗುರಿನ ತುದಿಗೂ ಚರ್ಮಕ್ಕೂ ನಡುವೆ ಇರುವ ಸಂದಿಯಲ್ಲಿದೆ. ಅಲ್ಲಿ ತೇವವಿದೆ, ನೆರಳಿದೆ, ಸವೆದ ಚರ್ಮದ ಆಹಾರವಿದೆ. ಸಾಬೂನಿನ ನೊರೆ ಅಲ್ಲಿಗೆ ತಲುಪುವುದು ಕಷ್ಟ. ಉಗುರು ಉದ್ದವಾದಷ್ಟೂ ಈ ಗೂಡು ಆಳವಾಗುತ್ತದೆ. ಕೃತಕ ಉಗುರಿನಲ್ಲಿ ಇನ್ನೊಂದು ತೊಡಕಿದೆ. ದಿನ ಕಳೆದಂತೆ ಅದರ ಅಂಚು ಎದ್ದು, ಅದಕ್ಕೂ ನಿಜವಾದ ಉಗುರಿಗೂ ನಡುವೆ ಮತ್ತೊಂದು ಸಂದಿ ಹುಟ್ಟುತ್ತದೆ. ಅದರೊಳಗೆ ಸೇರಿದ ನೀರು ಹೊರಬರುವುದಿಲ್ಲ. ಕೆಲವರಿಗೆ ಹೀಗೆ ಉಗುರು ಹಸಿರು ಬಣ್ಣಕ್ಕೆ ತಿರುಗುವುದುಂಟು. ಆ ಹಸಿರು ಬಣ್ಣವನ್ನು ಬಿಡುವ ರೋಗಾಣುವಿನ ಹೆಸರು ಸ್ಯೂಡೋಮೊನಾಸ್. ಈ ಹೆಸರನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಅಮೆರಿಕದ ಒಕ್ಲಹೋಮ ನಗರದ ಒಂದು ಆಸ್ಪತ್ರೆಯಲ್ಲಿ, ಅಶಕ್ತ ನವಜಾತ ಶಿಶುಗಳನ್ನಿಡುವ ವಿಭಾಗದಲ್ಲಿ, 1997ರ ಜನವರಿಯಿಂದ 1998ರ ಮಾರ್ಚಿಯವರೆಗಿನ ಹದಿನೈದು ತಿಂಗಳಲ್ಲಿ 439 ಶಿಶುಗಳ ಪೈಕಿ 46 ಶಿಶುಗಳಿಗೆ ಇದೇ ಸ್ಯೂಡೋಮೊನಾಸ್ ಅಂಟಿತು. ಅವುಗಳಲ್ಲಿ 16 ಶಿಶುಗಳು ತೀರಿಕೊಂಡವು. ಮೂಲವನ್ನು ಹುಡುಕುತ್ತ ಹೋದ ತಜ್ಞರು ದಾದಿಯರ ಕೈಗಳನ್ನು ಪರೀಕ್ಷಿಸಿದರು. ರೋಗಾಣು ಸಿಕ್ಕ ಕೈಗಳಲ್ಲಿ ಒಬ್ಬಾಕೆಯದು ಉದ್ದವಾಗಿ ಬೆಳೆಸಿದ ಸ್ವಂತ ಉಗುರು. ಇನ್ನೊಬ್ಬಾಕೆಯದು ಉದ್ದನೆಯ ಕೃತಕ ಉಗುರು. 2000ದಲ್ಲಿ ಪ್ರಕಟವಾದ ವರದಿಯಲ್ಲಿ ತಜ್ಞರು ಎಚ್ಚರಿಕೆಯಿಂದಲೇ ಬರೆದರು: ಉಗುರಿನ ಪಾತ್ರವಿರಬಹುದೆಂದು ಸಾಕ್ಷ್ಯ ಸೂಚಿಸುತ್ತದೆ, ಸಿದ್ಧಪಡಿಸುವುದಿಲ್ಲ. ಆದರೂ ಅಂಥ ವಿಭಾಗದಲ್ಲಿ ಉಗುರು ಗಿಡ್ಡವಾಗಿರಬೇಕೆಂಬ ನಿಯಮವು ಯುಕ್ತವೆಂದೇ ಅವರು ಹೇಳಿದರು. 2002ರಲ್ಲಿ ಆ ದೇಶದ ರೋಗನಿಯಂತ್ರಣ ಕೇಂದ್ರವು, ತೀವ್ರ ಅಪಾಯದಲ್ಲಿರುವ ರೋಗಿಗಳನ್ನು ಮುಟ್ಟುವವರು ಕೃತಕ ಉಗುರನ್ನು ಧರಿಸಬಾರದು, ಸ್ವಂತ ಉಗುರಿನ ತುದಿಯೂ ಕಾಲು ಅಂಗುಲಕ್ಕಿಂತ ಕಡಿಮೆಯಿರಬೇಕು ಎಂದು ಸೂಚಿಸಿತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದ ಅಳತೆಯೂ ಹೆಚ್ಚುಕಡಿಮೆ ಅದೇ, ಅರ್ಧ ಸೆಂಟಿಮೀಟರ್.

ಇದನ್ನು ಓದಿ ಮನೆಮನೆಯಲ್ಲಿ ಭಯಪಡಬೇಕಾಗಿಲ್ಲ. ಒಕ್ಲಹೋಮದ ಶಿಶುಗಳು ಆಸ್ಪತ್ರೆಯ ವಿಶೇಷ ಶುಶ್ರೂಷೆಯಲ್ಲಿದ್ದ ದುರ್ಬಲ ಕೂಸುಗಳು. ತಿಂಗಳು ತುಂಬಿ ಹುಟ್ಟಿ, ಮೊಲೆಹಾಲು ಕುಡಿದು, ಮನೆಯಲ್ಲಿ ಮಲಗಿರುವ ಕೂಸಿಗೂ ಅಷ್ಟೇ ಅಪಾಯವೆಂದರೆ ಅತಿಶಯೋಕ್ತಿಯಾಗುತ್ತದೆ. ಆದರೆ ಅವಧಿಗೆ ಮುಂಚೆ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಕೂಸು ಮನೆಗೆ ಬಂದಿದ್ದರೆ ಮಾತು ಬೇರೆ. ಅಲ್ಲಿ ಆಸ್ಪತ್ರೆಯ ನಿಯಮವನ್ನೇ ಮನೆಯ ನಿಯಮವಾಗಿ ಮಾಡಿಕೊಳ್ಳುವುದು ಲೇಸು. ಮಿಕ್ಕವರಲ್ಲಿಯೂ ಹೊಕ್ಕುಳ ಒಣಗಿ ಬೀಳುವವರೆಗೆ, ಅಂದರೆ ಸಾಮಾನ್ಯವಾಗಿ ಮೊದಲ ಒಂದೆರಡು ವಾರ, ಅದೊಂದು ಹಸಿಗಾಯವಿದ್ದಂತೆ. ಬಟ್ಟೆ ಬದಲಾಯಿಸುವಾಗ ಉಗುರಿನೊಳಗೆ ಸೇರಿದ ಮಲದ ಅಂಶ, ಮುಂದಿನ ಹಾಲಿನ ಹೊತ್ತಿಗೆ ಕೂಸಿನ ತುಟಿಯ ಬಳಿಗೆ ಹೋಗುತ್ತದೆ. ಗೀರು ಬೀಳುವ ಭಯ ಇದಕ್ಕಿಂತ ನೇರವಾದದ್ದು. ಎಳೆಯ ಚರ್ಮ ತೆಳುವು. ಕಣ್ಣಂತೂ ಹೇಳಬೇಕಾದ್ದೇ ಇಲ್ಲ. ರಾತ್ರಿ ಎರಡು ಗಂಟೆಗೆ ಅರೆನಿದ್ದೆಯಲ್ಲಿ ಎದ್ದು ಕೂಸನ್ನೆತ್ತುವ ತಾಯಿಗೆ ತನ್ನ ಬೆರಳು ಎಲ್ಲಿ ಮುಗಿಯುತ್ತದೆಂಬ ಲೆಕ್ಕ ತಪ್ಪುವುದು ಸಹಜ, ಏಕೆಂದರೆ ಆ ತುದಿಗೆ ಸ್ಪರ್ಶಜ್ಞಾನವೇ ಇಲ್ಲ. ಕಳಚಿಕೊಂಡ ಉಗುರೊಂದು ಹಾಸಿಗೆಯಲ್ಲಿ ಬಿದ್ದರೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಮಗುವಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ವಸ್ತು.

ಅಲಂಕಾರವೆಂದರೆ ಪಾಪವೆಂದು ಹೇಳುವವರ ಗುಂಪಿಗೆ ನಾವು ಸೇರಿದವರಲ್ಲ. ಮದರಂಗಿ ಹಚ್ಚಿದ ಕೈ, ಹಸಿರು ಬಳೆ ತೊಟ್ಟ ಕೈ ಬಾಣಂತಿಗೆ ಶೋಭೆಯೆಂದು ಒಪ್ಪಿದವರು ಉಗುರಿನ ಬಣ್ಣಕ್ಕೆ ಮಾತ್ರ ಮುನಿಯುವುದು ನ್ಯಾಯವೂ ಅಲ್ಲ. ತವರು ನಾನೂರು ಮೈಲಿಯಾಚೆ ಇರುವ ಹುಡುಗಿ, ಒಂಬತ್ತು ತಿಂಗಳು ವಾಂತಿ, ಊತ, ಆಮೇಲೆ ಹೊಲಿಗೆಯ ನೋವು, ನಿದ್ದೆಯಿಲ್ಲದ ಇರುಳುಗಳು. ಅವುಗಳ ನಡುವೆ ಕನ್ನಡಿಯಲ್ಲಿ ಒಂದು ಕ್ಷಣ ಹಿಂದಿನ ತನ್ನನ್ನು ಕಾಣಬೇಕೆನಿಸಿದರೆ ಅದನ್ನು ಹಗುರವಾಗಿ ಕಾಣಬಾರದು. ಈ ಅಂಟಿಸುವ ಉಗುರಿನ ಹುಟ್ಟೂ ಸ್ವಾರಸ್ಯವಾದದ್ದೇ. 1954ರಲ್ಲಿ ಫ್ರೆಡ್ ಸ್ಲ್ಯಾಕ್ ಎಂಬ ಅಮೆರಿಕದ ದಂತವೈದ್ಯನು ತನ್ನ ಮುರಿದ ಉಗುರಿಗೆ, ಹಲ್ಲು ಕಟ್ಟುವ ಸಾಮಗ್ರಿಯಿಂದಲೇ ತೇಪೆ ಹಾಕಿಕೊಂಡನೆಂದೂ ಅದರಿಂದ ಒಂದು ಉದ್ಯಮವೇ ಬೆಳೆಯಿತೆಂದೂ ಹೇಳುವುದುಂಟು. ಗಾಯಕ್ಕೆಂದು ಹುಟ್ಟಿದ್ದು ಶೃಂಗಾರಕ್ಕೆ ಸಂದಿತು!

ಉಗುರಿನ ದೋಷ ಹೊಸ ಕಾಲದ ಹುಡುಗಿಯರಲ್ಲಿ ಮಾತ್ರವಿದೆಯೆಂದು ಹಿರಿಯರು ಭಾವಿಸಬೇಕಾಗಿಲ್ಲ. ಕೂಸನ್ನು ಮೀಯಿಸುವಾಗ ಗಂಟಲಿಗೆ ಬೆರಳು ಹಾಕಿ ಕಫ ತೆಗೆಯುವ, ಮೂಗಿಗೂ ಕಿವಿಗೂ ಎಣ್ಣೆ ಬಿಡುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿ ಇನ್ನೂ ಉಂಟು. ವೈದ್ಯರು ಇವೆರಡನ್ನೂ ಬೇಡವೆನ್ನುತ್ತಾರೆ. ಬೆರಳು ಅಜ್ಜಿಯದಾದರೂ, ಉಗುರು ದೇವರು ಕೊಟ್ಟದ್ದೇ ಆದರೂ, ಅಪಾಯ ಅಪಾಯವೇ. ತೊಳೆಯದ ಕೈ ಎಷ್ಟು ವಿದ್ಯಾವಂತರದಾದರೂ ಕೊಲ್ಲಬಲ್ಲುದೆಂಬುದು ಇತಿಹಾಸಕ್ಕೆ ಗೊತ್ತು. ಇಲ್ಲಿನ ಎಗ್ಮೋರಿನ ಸರ್ಕಾರಿ ಹೆರಿಗೆ ಆಸ್ಪತ್ರೆಯ ಮೂಲ ಸಂಸ್ಥೆಯು 1844ರಲ್ಲಿ ಆರಂಭವಾಯಿತು. ಅದಾದ ಮೂರು ವರ್ಷಕ್ಕೆ, 1847ರಲ್ಲಿ, ದೂರದ ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಹೆಣ ಕೊಯ್ದು ಬರುವ ವೈದ್ಯರೂ ವಿದ್ಯಾರ್ಥಿಗಳೂ ಬಾಣಂತಿಯರನ್ನು ಮುಟ್ಟುವ ಮೊದಲು ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟುಮಾಡಿದರು. ಅವರ ವಿಭಾಗದಲ್ಲಿ 1846ರಲ್ಲಿ ನೂರಕ್ಕೆ 11.4ರಷ್ಟಿದ್ದ ಬಾಣಂತಿಯರ ಸಾವು 1848ರಲ್ಲಿ 1.27ಕ್ಕೆ ಇಳಿಯಿತು. ಆ ಕೈಗಳೆಲ್ಲವೂ ಗಂಡಸರ ಕೈಗಳಾಗಿದ್ದವೆಂಬುದನ್ನು ನಮ್ಮ ಗೃಹಸ್ಥ ವಾಚಕರು ಗಮನಿಸಬೇಕು.

ಇನ್ನು ಮಾಡತಕ್ಕದ್ದೇನು? ಉದ್ದುಗುರು ಅಂಟಿಸಿಕೊಂಡ ಗರ್ಭಿಣಿಯು ಒಂಬತ್ತನೆಯ ತಿಂಗಳಿನಲ್ಲಿಯೇ ಅದನ್ನು ತೆಗೆಸಿಬಿಡುವುದು ಒಳ್ಳೆಯದು. ಶಸ್ತ್ರಚಿಕಿತ್ಸೆಯಾದಲ್ಲಿ ರಕ್ತದ ಆಮ್ಲಜನಕವನ್ನು ಅಳೆಯುವ ಉಪಕರಣವನ್ನು ಬೆರಳಿಗೇ ಸಿಕ್ಕಿಸುವುದರಿಂದ ವೈದ್ಯರು ಹೇಗೂ ಉಗುರಿನ ಬಣ್ಣವನ್ನು ತೆಗೆಯಲು ಹೇಳುವುದು ವಾಡಿಕೆ. ತೆಗೆಯುವಾಗ ಕಿತ್ತೆಳೆಯಬಾರದು, ಎಳೆದರೆ ಸ್ವಂತ ಉಗುರಿನ ಪದರವೂ ಜೊತೆಗೆ ಏಳುತ್ತದೆ. ಪೇಟೆಯಿಂದ ತಂದು ಅಂಟಿಸಿದ ಸಾಧಾರಣ ಉಗುರನ್ನು ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲನೆ ಸಡಿಲಿಸಬಹುದು. ಅಂಗಡಿಯಲ್ಲಿ ಕೂತು ಕಟ್ಟಿಸಿಕೊಂಡ ಗಟ್ಟಿ ಉಗುರಾದರೆ ಕಟ್ಟಿದವರಿಂದಲೇ ಬಿಡಿಸಿಕೊಳ್ಳಬೇಕು. ಅವರು ಬಳಸುವ ಅಸಿಟೋನ್ ದ್ರವಕ್ಕೆ ಘಾಟು ಹೆಚ್ಚು, ಬೆಂಕಿ ಬೇಗ ಹತ್ತುತ್ತದೆ. ಕೂಸು ಮಲಗಿದ ಕೋಣೆಯಲ್ಲಿ, ಒಲೆಯ ಹತ್ತಿರ, ಅದನ್ನು ತೆರೆಯಲೇಬಾರದು. ಅನಿವಾರ್ಯವಾಗಿ ಕೆಲವು ದಿನ ಉಗುರು ಉಳಿದರೆ, ಸಾಬೂನು ಹಚ್ಚಿದ ಮೃದುವಾದ ಬ್ರಷ್ಷಿನಿಂದ ಉಗುರಿನ ಒಳಬದಿಯನ್ನು ಉಜ್ಜಬೇಕು. ಕೂಸನ್ನು ಮೀಯಿಸುವ ಕೆಲಸವನ್ನು ಬೇರೊಬ್ಬರಿಗೆ ವಹಿಸಬೇಕು. ಬಣ್ಣವೇ ಬೇಕೆನಿಸಿದರೆ ಗಿಡ್ಡವಾಗಿ ಕತ್ತರಿಸಿದ ಸ್ವಂತ ಉಗುರಿಗೆ ಹಚ್ಚಿಕೊಳ್ಳಲಿ. ಬಣ್ಣ ಕಿತ್ತುಹೋದಾಗ ಒರೆಸಿಬಿಟ್ಟರಾಯಿತು. ಕೂಸಿನ ಉಗುರನ್ನೂ ಮರೆಯದಿರಿ. ಅದು ನಿದ್ದೆ ಹೋದಾಗ, ಬೆಳಕಿರುವಲ್ಲಿ, ಚಿಕ್ಕ ಕತ್ತರಿಯಿಂದ ಕತ್ತರಿಸಬೇಕು. ಹಲ್ಲಿನಿಂದ ಕಚ್ಚಿ ತೆಗೆಯುವ ರೂಢಿ ಒಳ್ಳೆಯದಲ್ಲ.

ತೊಟ್ಟಿಲ ಮನೆಯ ಮಾತು ಅರ್ಧಕ್ಕೆ ನಿಂತಿತು. ಊಟವಾದ ಬಳಿಕ ಅತ್ತೆಯವರನ್ನು ಒಂದೆಡೆ ಕರೆದು, ಎಲ್ಲರೆದುರಿಗೆ ಹೇಳಿದ್ದು ತುಸು ಹೆಚ್ಚಾಯಿತೆಂದು ನಾವು ಸಂಕೋಚದಿಂದಲೇ ಅಂದೆವು. ಅವರು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಹಿತ್ತಾಳೆಯ ಬಟ್ಟಲಿನಲ್ಲಿ ಬಿಸಿನೀರು ತಂದು ಸೊಸೆಯ ಬಳಿ ಕೂತು, "ಫೋಟೋ ಆಯಿತಲ್ಲ ಮಗಾ, ಕೈ ಕೊಡು" ಎಂದರು. ಹತ್ತು ಉಗುರುಗಳೂ ಒಂದೊಂದಾಗಿ ಬಟ್ಟಲಿಗೆ ಬಿದ್ದವು. ಹುಡುಗಿ ಅವನ್ನು ಒರೆಸಿ ಒಂದು ಡಬ್ಬಿಯಲ್ಲಿ ಹಾಕಿಟ್ಟಳು.

ಗಲ್ಲಾದ ಯಜಮಾನರು ಇದನ್ನೆಲ್ಲ ಮೆಚ್ಚಿ ತಲೆದೂಗುತ್ತಿದ್ದರು. ನಮ್ಮ ಗುಮಾಸ್ತ ಮಿತ್ರರಲ್ಲಿ ಅನೇಕರಂತೆ ಅವರಿಗೂ ಎಡಗೈಯ ಕಿರುಬೆರಳಿನ ಉಗುರನ್ನು ಅರ್ಧ ಅಂಗುಲ ಬಿಡುವ ಅಭ್ಯಾಸವುಂಟು. ಅದೇ ಕೈಯಿಂದ ಕೂಸಿನ ಗಲ್ಲ ಸವರಲು ಬಾಗಿದವರು, ತಾಯಿ ತಮ್ಮ ಕಡೆ ತಿರುಗಿದ್ದನ್ನು ಕಂಡು, ಬೆರಳನ್ನು ಮೆಲ್ಲಗೆ ಮಡಚಿಕೊಂಡು ಕತ್ತರಿ ಹುಡುಕಲು ಒಳಗೆ ಹೋದರು.