ಹಳೇ ಕ್ಯಾನ್ಸರ್ ಫೈಲು ಒಲೆಗೆ ಹಾಕಬೇಡಿ, ಸ್ವಾಮಿ!

ಹುಣಸೂರು ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಮೈಸೂರು ಬಸ್ಸಿಗೆ ಕಾಯುವವರ ಕೈ ನೋಡಿ. ಒಬ್ಬರಲ್ಲ ಒಬ್ಬರ ಹತ್ತಿರ ಆಸ್ಪತ್ರೆ ಕವರು ಇದ್ದೇ ಇರುತ್ತದೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲೂ ಅದೇ ಕಥೆ. ದೊಡ್ಡ ಕಾಯಿಲೆಗೆ ಮೈಸೂರು, ಅದಕ್ಕೂ ಮೀರಿದರೆ ಬೆಂಗಳೂರಿನ ಕಿದ್ವಾಯಿ. ಗುಣವಾದ ಮೇಲೆ ಆ ಕವರು ಅಟ್ಟ ಸೇರುತ್ತದೆ, ಇಲ್ಲಾ 'ಪೀಡೆ ತೊಲಗಲಿ' ಅಂತ ಒಲೆ ಸೇರುತ್ತದೆ.

ಎಡವಟ್ಟಾಗುವುದು ಇಲ್ಲೇ. ಕ್ಯಾನ್ಸರ್ ಗೆದ್ದವರಲ್ಲಿ ಕೆಲವರಿಗೆ, ಎಲ್ಲರಿಗೂ ಅಲ್ಲ, ಗಾಬರಿ ಬೇಡ, ಮುಂದೆ ರಕ್ತದ ಕ್ಯಾನ್ಸರ್ ಬರುವುದುಂಟು. ಗೆಡ್ಡೆ ಕರಗಿಸಿದ ಕೀಮೋ, ಕೊಡಿಸಿದ ಕರೆಂಟು ಮೂಳೆಯೊಳಗಿನ ಮಜ್ಜೆಯನ್ನೂ ಮುಟ್ಟಿರುತ್ತವೆ. ಕೆಲವು ಔಷಧಿಗಳ ಈ ಫಲ ಕಾಣುವುದು 5ರಿಂದ 10 ವರ್ಷಕ್ಕೆ. ಆಗ ಮಜ್ಜೆಯನ್ನೇ ಬದಲಿಸಬೇಕಾದೀತು.

ಒಡಹುಟ್ಟಿದವರ ಮಜ್ಜೆ ಹೊಂದದಿದ್ದರೆ ಇರುವ ದಾರಿಗಳಲ್ಲಿ ಒಂದು ಹೊಕ್ಕುಳಬಳ್ಳಿ ರಕ್ತ. ಹೆರಿಗೆಯಾದ ಮೇಲೆ ಬಳ್ಳಿ, ಮಾಸಿನಲ್ಲಿ ಉಳಿಯುವ ರಕ್ತ. 1988ರಲ್ಲಿ ಪ್ಯಾರಿಸ್ಸಿನಲ್ಲಿ ಡಾ. ಎಲಿಯಾನ್ ಗ್ಲುಕ್‌ಮನ್ ಇದನ್ನು ಮೊದಲು ಮಾಡಿ ತೋರಿಸಿದರು. ಪೂರ್ತಿ ಹೊಂದಾಣಿಕೆ ಬೇಕಿಲ್ಲ ಎಂಬುದೇ ಇದರ ಗುಣ. ಆದರೆ ಸಿಗುವುದು ಅರ್ಧ ಲೋಟದಷ್ಟು! ದೊಡ್ಡವರಿಗೆ ಎರಡು ಕೂಸುಗಳ ರಕ್ತ ಸೇರಿಸುವುದೂ ಉಂಟು. ಬೇರೂರಲು ಮೂರು-ನಾಲ್ಕು ವಾರ ಬೇಕು. ಮಡಿಯಿಂದ ಕಿತ್ತು ನೆಟ್ಟ ಹೊಗೆಸೊಪ್ಪಿನ ಸಸಿ ಬೇರು ಹಿಡಿಯುವವರೆಗಿನ ಆತಂಕ ನಮ್ಮವರಿಗೆ ಹೇಳಬೇಕೆ? ಅಷ್ಟು ದಿನ ಮೈಗೆ ಕಾವಲಿಲ್ಲ, ಸೋಂಕು ತಗುಲಿದರೆ ಕಷ್ಟ. (ನಿಮ್ಮ ಮಗುವಿನ ರಕ್ತ ನಿಮ್ಮ ಮಗುವಿಗೇ ವಿಮೆ ಅನ್ನುವ ಏಜೆಂಟರ ಮಾತು ಬೇರೆ. ಖಾಸಗಿಯಾಗಿ ಕೂಡಿಡುವುದನ್ನು ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಶಿಫಾರಸು ಮಾಡಿಲ್ಲ.)

ಹಿಂದೆ ಕ್ಯಾನ್ಸರ್ ಇತ್ತು ಎಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ಡಾಕ್ಟರು ಕೇಳುವುದು ಇಷ್ಟು: ಹಳೆಯದು ಸುಮ್ಮನಾಗಿ ಎಷ್ಟು ವರ್ಷವಾಯಿತು? ಕರೆಂಟು ಕೊಟ್ಟಿದ್ದು ಎಲ್ಲಿಗೆ? ಯಾವ ಔಷಧಿ, ಎಷ್ಟು? ಡಾಕ್ಸೊರುಬಿಸಿನ್ ಹೃದಯಕ್ಕೆ ಭಾರ, ಅದಕ್ಕೆ ಜೀವಮಾನದ ಮಿತಿಯೇ ಇದೆ. ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ ಕೆಡುಕು. ಬಳಲಿದ ಹೃದಯ, ಶ್ವಾಸಕೋಶ ಆ ಮೂರು-ನಾಲ್ಕು ವಾರ ತಡೆಯುತ್ತವೆಯೇ ಎಂಬುದರ ಮೇಲೆ ಕಸಿಯ ಭವಿಷ್ಯ ಬಹಳಷ್ಟು ನಿಂತಿದೆ.

'ಕೆಂಪು ಬಾಟ್ಲಿ ಹಾಕಿದ್ರು' ಅಂದರೆ ಸಾಲದು. ಎಷ್ಟು ಬಾಟ್ಲಿ?

ಉತ್ತರ ಇರುವುದು ಆ ಫೈಲಿನಲ್ಲೇ. ಆಸ್ಪತ್ರೆಯಲ್ಲಿ ಇರುತ್ತದೆ ಬಿಡಿ ಅನ್ನಬೇಡಿ. 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ ಒಳರೋಗಿ ದಾಖಲೆ ಇಡಬೇಕಾದ್ದು 3 ವರ್ಷ ಮಾತ್ರ. ಆ ಗಡುವಿನೊಳಗೆ ಅರ್ಜಿ ಕೊಟ್ಟು ಕೇಳಿ, 72 ಗಂಟೆಯಲ್ಲಿ ಕೊಡಬೇಕು.