ಸ್ವರ ಆಟದಲ್ಲಿ, ನಾದ ಪೆಟ್ಟಿಗೆಯಲ್ಲಿ

ಸಂಗೀತ ಪಾಠಕ್ಕೆ ಹೋಗುವ ಮಕ್ಕಳ ಪುಸ್ತಕದಲ್ಲಿ ಸರಿಗಮಗಳನ್ನು ಸಾಲಾಗಿ ಬರೆದಿರುತ್ತಾರೆ. ಆ ಪುಸ್ತಕವನ್ನು ಕಿವಿಗೆ ಹಿಡಿದರೆ ಏನಾದರೂ ಕೇಳಿಸುವುದೇ? ಇಲ್ಲ. ಅದೇ ಸ್ವರಗಳನ್ನು ಪಿಟೀಲಿನಲ್ಲಿ ನುಡಿಸಿದರೆ ಒಂದು ಬಗೆ, ನಾಗಸ್ವರದಲ್ಲಿ ನುಡಿಸಿದರೆ ಇನ್ನೊಂದು ಬಗೆ. 1980ರ ದಶಕದ ಕೊನೆಯಲ್ಲಿ ಬಂದ ಅನೇಕ ಕಂಪ್ಯೂಟರ್ ಆಟಗಳ ಸಂಗೀತವೂ ಹೀಗೆಯೇ ಇತ್ತು. ಆಟದ ಫ್ಲಾಪಿಯಲ್ಲಿ ಇದ್ದದ್ದು ಬರೆದಿಟ್ಟ ಸ್ವರ ಮಾತ್ರ. ನುಡಿಸುವ ಕೆಲಸ ಬೇರೊಂದು ಯಂತ್ರದ್ದು.

ಇದಕ್ಕೆ ಕಾರಣ ಜಾಗದ ಅಭಾವ. ಒಂದು ಸಣ್ಣ ಲೆಕ್ಕ ಮಾಡೋಣ. ಸಿ.ಡಿ. ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ 44,100 ಮಾದರಿಗಳು ಬೇಕು. ಪ್ರತಿ ಮಾದರಿಗೆ 2 ಬೈಟ್, ಎಡ-ಬಲ ಸೇರಿ 4 ಬೈಟ್. ಅಂದರೆ ಸೆಕೆಂಡಿಗೆ 1,76,400 ಬೈಟ್. ಆಗಿನ ದೊಡ್ಡ ಫ್ಲಾಪಿಯ ಸಾಮರ್ಥ್ಯ 14,74,560 ಬೈಟ್. ಎಂಟು ಸೆಕೆಂಡು ದಾಟುವಷ್ಟರಲ್ಲಿ ಅದು ಭರ್ತಿ! ಇನ್ನು ಆಟಕ್ಕೆ ಜಾಗವೆಲ್ಲಿ? ಸ್ವರವನ್ನು ಬರೆದಿಟ್ಟರೆ ಹಾಗಲ್ಲ. ಕಾಲದ ಲೆಕ್ಕವೂ ಸೇರಿ ಒಂದು ಸ್ವರಕ್ಕೆ ಎಂಟು-ಹತ್ತು ಬೈಟ್ ಸಾಕು. ಎರಡು ಸಾವಿರ ಸ್ವರಗಳ ಹಾಡು 20,000 ಬೈಟ್‌ಗಳಲ್ಲಿ ಮುಗಿಯುತ್ತದೆ.

ಹೀಗೆ ಬರೆಯುವ ಭಾಷೆಯ ಹೆಸರು ‘ಮಿಡಿ’. ಇದು ಉಪ್ಪಿನಕಾಯಿಯ ಮಾವಿನ ಮಿಡಿಯಲ್ಲ. ಇಂಗ್ಲಿಷಿನ ಉದ್ದ ಹೆಸರೊಂದರ ಮೊದಲಕ್ಷರಗಳು. ಸಿಂಥಸೈಜರ್ ಎಂದರೆ ವಿದ್ಯುತ್ ಮಂಡಲಗಳ ಮೂಲಕ ನಾದ ಹುಟ್ಟಿಸುವ ವಾದ್ಯ. ಮೊದಲು ಒಂದು ಕಂಪೆನಿಯ ಸಿಂಥಸೈಜರಿನ ಮಾತು ಇನ್ನೊಂದು ಕಂಪೆನಿಯದಕ್ಕೆ ತಿಳಿಯುತ್ತಿರಲಿಲ್ಲ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ರೋಲಂಡ್ ಕಂಪೆನಿಯ ಸ್ಥಾಪಕ ಇಕುಟಾರೊ ಕಕೆಹಾಶಿ ಮೊದಲಾದವರು ಸೇರಿ ಎಲ್ಲಕ್ಕೂ ಒಂದೇ ಭಾಷೆ ರೂಪಿಸಿದರು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯಮೇಳವೊಂದರಲ್ಲಿ ಇಬ್ಬರ ಕಂಪೆನಿಗಳ ವಾದ್ಯಗಳನ್ನೂ ತಂತಿಯಿಂದ ಜೋಡಿಸಿ, ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯುವುದನ್ನು ತೋರಿಸಲಾಯಿತು. ಈ ಸಾಧನೆಗಾಗಿ 2013ರಲ್ಲಿ ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ದೊರೆಯಿತು.

ತಂತಿಯಲ್ಲಿ ಹರಿಯುವುದು ನಾದವಲ್ಲ, ಆಜ್ಞೆ. ‘ಇಂಥ ಸ್ವರ ಹಿಡಿ, ಇಷ್ಟು ಬಲವಾಗಿ ಹಿಡಿ’ ಎನ್ನಲು ಮೂರೇ ಬೈಟ್. ಸೆಕೆಂಡಿಗೆ 31,250 ಬಿಟ್‌ಗಳ ವೇಗ. ಸ್ವೀಕರಿಸುವ ತುದಿಯಲ್ಲಿ ಒಂದು ಪುಟ್ಟ ಎಲ್‌ಇಡಿ ಆ ಆಜ್ಞೆಯನ್ನು ಬೆಳಕಾಗಿ ಮಿನುಗಿಸುತ್ತದೆ. ಎದುರಿನ ಗ್ರಾಹಕ ಅದನ್ನು ಮತ್ತೆ ವಿದ್ಯುತ್ತಾಗಿ ಬದಲಿಸುತ್ತದೆ. ಹೀಗಾಗಿ ಒಂದು ಯಂತ್ರದ ವಿದ್ಯುತ್ ದೋಷ ಇನ್ನೊಂದಕ್ಕೆ ದಾಟುವುದಿಲ್ಲ.

ಪೆಟ್ಟಿಗೆಯ ಗುಟ್ಟು

ರೋಲಂಡ್ ಕಂಪೆನಿ 1987ರಲ್ಲಿ ಎಂಟಿ-32 ಎಂಬ ಪೆಟ್ಟಿಗೆಯನ್ನು ಹೊರತಂದಿತು. ಅದಕ್ಕೆ ಕೀಲಿಮಣೆಯಿಲ್ಲ, ಕಂಪ್ಯೂಟರ್ ಹೇಳಿದ್ದನ್ನು ನುಡಿಸುವುದಷ್ಟೇ ಕೆಲಸ. ಸ್ವರ ಶುರುವಾಗುವ ಕ್ಷಣದ ಸದ್ದು, ಅಂದರೆ ತಂತಿ ಮೀಟಿದ ಏಟು, ಕೊಳಲಿಗೆ ಊದಿದ ಉಸಿರು, ನಮ್ಮ ಕಿವಿಗೆ ವಾದ್ಯದ ಗುರುತು ಹಿಡಿಯಲು ಬಹಳ ನೆರವಾಗುತ್ತದೆ. ಈ ಪೆಟ್ಟಿಗೆಯಲ್ಲಿ ಆ ಕ್ಷಣದ ತುಣುಕನ್ನು ಮಾತ್ರ ಧ್ವನಿಮುದ್ರಿಸಿಟ್ಟು, ಉಳಿದ ನಾದವನ್ನು ವಿದ್ಯುನ್ಮಾನವಾಗಿ ಹುಟ್ಟಿಸುತ್ತಿದ್ದರು. ಎಷ್ಟು ಜಾಣ ಉಳಿತಾಯ!

1988ರಲ್ಲಿ ಅಮೆರಿಕದ ಸಿಯೆರಾ ಕಂಪೆನಿಯ ‘ಕಿಂಗ್ಸ್ ಕ್ವೆಸ್ಟ್ 4’ ಆಟ ಈ ಪೆಟ್ಟಿಗೆಯನ್ನು ಬಳಸಿಕೊಂಡಿತು. ಕಂಪ್ಯೂಟರಿನೊಳಗಿನ ಸ್ಪೀಕರಿನ ‘ಬೀಪ್’ ಸದ್ದಿಗೆ ಒಗ್ಗಿದ್ದವರಿಗೆ ವಾದ್ಯವೃಂದವೇ ಮನೆಗೆ ಬಂದಂತಾಯಿತು. ಎಂಟಿ-32ಕ್ಕೆ ಬರೆದ ಎಷ್ಟೋ ಆಟಗಳು ಶುರುವಾಗುವಾಗ ತಮಗೆ ಬೇಕಾದ ಹೊಸ ನಾದಗಳನ್ನೂ ಪೆಟ್ಟಿಗೆಗೆ ಕಲಿಸುತ್ತಿದ್ದವು.

1991ರಲ್ಲಿ ‘ಜನರಲ್ ಮಿಡಿ’ ಎಂಬ ಪಟ್ಟಿ ಬಂತು. 128 ವಾದ್ಯಗಳಿಗೆ ನಿಗದಿತ ಸಂಖ್ಯೆ: 1 ಪಿಯಾನೊ, 105 ನಮ್ಮ ಸಿತಾರ್, 128 ಗುಂಡಿನ ಸದ್ದು! ಅದೇ ವರ್ಷ ರೋಲಂಡಿನ ಎಸ್‌ಸಿ-55 ಪೆಟ್ಟಿಗೆ ಬಂತು. 1993ರ ‘ಡೂಮ್’ ಆಟದ ಹಾಡುಗಳನ್ನು ಅಭಿಮಾನಿಗಳು ಈಗಲೂ ಅದರಲ್ಲೇ ಕೇಳಬಯಸುತ್ತಾರೆ. (ಪಾಲಕರ ಗಮನಕ್ಕೆ: ಅದು ಗುಂಡು ಹಾರಿಸುವ ಆಟ, ಚಿಕ್ಕ ಮಕ್ಕಳಿಗಲ್ಲ.) ಆದರೆ ಎಂಟಿ-32ರ ಕ್ರಮಸಂಖ್ಯೆಗಳೇ ಬೇರೆ. ಅದಕ್ಕೆಂದು ಬರೆದ ಹಾಡನ್ನು ಎಸ್‌ಸಿ-55ಕ್ಕೆ ನೇರವಾಗಿ ಕಳಿಸಿದರೆ ಒಂದು ವಾದ್ಯದ ಜಾಗದಲ್ಲಿ ಇನ್ನೊಂದು ನುಡಿದು ಹಾಡು ಕೆಡುತ್ತದೆ. ಸಂಗೀತಗಾರ ಕೇಳಿಸಬಯಸಿದ್ದನ್ನೇ ಕೇಳಬೇಕಾದರೆ ಅವನು ಮನಸ್ಸಿನಲ್ಲಿಟ್ಟುಕೊಂಡ ಪೆಟ್ಟಿಗೆಯೇ ಬೇಕು.

ಅಸಲಿ ತೂಕದ ಕಲ್ಲು

ಹೀಗಾಗಿ ಹವ್ಯಾಸಿಗಳು ಇಂದಿಗೂ ಈ ಹಳೆಯ ಪೆಟ್ಟಿಗೆಗಳನ್ನು ಹುಡುಕಿ ಕೊಳ್ಳುತ್ತಾರೆ. ಯುಎಸ್‌ಬಿ-ಮಿಡಿ ತಂತಿಯಿಂದ ಇಂದಿನ ಕಂಪ್ಯೂಟರಿಗೆ ಜೋಡಿಸಿ, ‘ಡಾಸ್‌ಬಾಕ್ಸ್’, ‘ಸ್ಕಮ್‌ವಿಎಂ’ ತಂತ್ರಾಂಶಗಳಲ್ಲಿ ಹಳೆಯ ಆಟಗಳನ್ನು ಓಡಿಸುತ್ತಾರೆ. ಆರಂಭದ ಎಂಟಿ-32ಗಳಿಗೆ ಆಜ್ಞೆಗಳು ಬಿರುಸಾಗಿ ಬಂದರೆ ನೆನಪು ತುಂಬಿ ತಪ್ಪು ಸೂಚನೆ ಬರುತ್ತದೆ. ಅದಕ್ಕಾಗಿ ಡಾಸ್‌ಬಾಕ್ಸಿನಲ್ಲಿ ಆಜ್ಞೆಗಳನ್ನು ತುಸು ತಡೆದು ಕಳಿಸುವ ವ್ಯವಸ್ಥೆಯೇ ಇದೆ.

ಎಂಟಿ-32ನ್ನು ಅನುಕರಿಸುವ ‘ಮುಂಟ್’ ಎಂಬ ತಂತ್ರಾಂಶವೂ ಇದೆ. ಹಾಗಾದರೆ ಹಳೆಯ ಪೆಟ್ಟಿಗೆ ಏಕೆ? ಅಂಗಡಿಯ ತೂಕದ ಕಲ್ಲು ಸರಿಯಿದೆಯೇ ಎಂದು ನೋಡಲು ಅಸಲಿ ಕಲ್ಲೊಂದು ಬೇಕಲ್ಲವೇ? ಅನುಕರಣೆ ಸರಿಯಿದೆಯೇ ಎಂದು ತಾಳೆ ನೋಡಲು ಮೂಲ ಯಂತ್ರ ಬೇಕು. ಆ ಯಂತ್ರಗಳಿಗೋ ವಯಸ್ಸಾಗಿದೆ. ಕಕೆಹಾಶಿ 2017ರಲ್ಲಿ, ಸ್ಮಿತ್ 2022ರಲ್ಲಿ ತೀರಿಕೊಂಡರು. ಸ್ವರ ಬರೆದ ಕಡತಗಳನ್ನು ಎಷ್ಟು ಬೇಕಾದರೂ ನಕಲು ಮಾಡಬಹುದು, ಪೆಟ್ಟಿಗೆಯನ್ನು ಹಾಗೆ ಮಾಡಲಾಗದು.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಒಂದು ಮಿಡಿ ಕಡತವನ್ನು ಮೊದಲು ಕಂಪ್ಯೂಟರಿನ ತಂತ್ರಾಂಶದಲ್ಲಿ ಕೇಳಿ. ಆಮೇಲೆ ಅದನ್ನೇ ಮಿಡಿ ಸೌಲಭ್ಯವಿರುವ ಕೀಬೋರ್ಡಿಗೆ ಕಳಿಸಿ ಕೇಳಿ. ಸ್ವರ ಅದೇ, ನಾದ ಬೇರೆ. ನಿಮ್ಮ ಅಟ್ಟದ ಮೇಲೆ ಹಳೆಯ ಕೀಬೋರ್ಡ್ ಇದ್ದರೆ ಗುಜರಿಗೆ ಹಾಕುವ ಮುನ್ನ ಅದರ ಬೆನ್ನನ್ನೊಮ್ಮೆ ನೋಡಿ. ಐದು ತೂತುಗಳ ದುಂಡು ಸಾಕೆಟ್ಟಿದ್ದು, ಪಕ್ಕದಲ್ಲಿ ‘ಮಿಡಿ’ ಎಂದು ಬರೆದಿದ್ದರೆ ಅದು ಇಂದಿನ ಕಂಪ್ಯೂಟರಿನ ಮಾತನ್ನೂ ಕೇಳುತ್ತದೆ.