ಚಾಮುಂಡಿ ಬೆಟ್ಟ: ಕಾಲಿಗೆ ದಾರಿ ಇರಲಿ, ಕಡ್ಡಿಪೆಟ್ಟಿಗೆಗೆ ಬೇಡ

ಬೆಳಗಿನ ಜಾವ ಪಾದದ ಬಳಿ ಹೋಗಿ ನಿಂತರೆ ಮೈಸೂರಿನ ಅರ್ಧ ಜನರನ್ನು ಅಲ್ಲೇ ನೋಡಬಹುದು. ಸಕ್ಕರೆ ಕಾಯಿಲೆಯ ಯಜಮಾನರು, ಹರಕೆ ಹೊತ್ತು ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುವ ಹೆಂಗಸರು, ಪೊಲೀಸ್ ಕೆಲಸಕ್ಕೆ ಮೈ ಹುರಿಗೊಳಿಸುವ ಹುಡುಗರು. ಅತ್ತ ರಸ್ತೆಯಲ್ಲಿ ಏದುಸಿರು ಬಿಡುತ್ತ ಸೈಕಲ್ ತುಳಿಯುವವರ ಸಾಲು. ಬೆಟ್ಟ ಇವರೆಲ್ಲರದೂ ಹೌದು. ಆದರೆ ಒಂದು ಮಾತು ಬಹಳ ಜನಕ್ಕೆ ಮರೆತೇಹೋಗಿದೆ. ದೇವಸ್ಥಾನ, ಊರು, ರಸ್ತೆಗಳನ್ನು ಸುತ್ತುವರಿದ ಸುಮಾರು 1,500 ಎಕರೆ ಪಾರ್ಕ್ ಅಲ್ಲ ಸ್ವಾಮಿ, ಮೀಸಲು ಅರಣ್ಯ. ಚಿರತೆಯೂ ಓಡಾಡುವ ಕಾಡು.

ಮೆಟ್ಟಿಲಿನ ಉಪಕಾರ

17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲು ಭಕ್ತಿಯ ಕೆಲಸ ಮಾತ್ರವಲ್ಲ, ಒಳ್ಳೆಯ ಬಂದೋಬಸ್ತೂ ಹೌದು. ಎಷ್ಟೇ ಜನ ಹತ್ತಲಿ, ಕಾಲು ಬೀಳುವುದು ಕಲ್ಲಿನ ಮೇಲೆ. ತೊಂದರೆ ಶುರುವಾಗುವುದು ಅಡ್ಡದಾರಿ ಹಿಡಿದಾಗ. ಒಬ್ಬ ಪೊದೆ ಸರಿಸಿ ನುಗ್ಗಿದರೆ ಹಿಂದೆ ಹತ್ತು ಜನ. ಹುಲ್ಲು ಸಾಯುತ್ತೆ. ಸೈಕಲ್ ಚಕ್ರ ಅದೇ ಜಾಡಿನಲ್ಲಿ ಮಣ್ಣು ಕೊರೆಯುತ್ತೆ. ಮಳೆ ಬಿದ್ದರೆ ಆ ಕಾಲುದಾರಿಯೇ ಕಾಲುವೆ!

ಇಳಿಜಾರು ಎಷ್ಟು ನಾಜೂಕು ಎಂಬುದನ್ನು 2021 ತೋರಿಸಿಕೊಟ್ಟಿದೆ. ಆ ವರ್ಷ ಅಕ್ಟೋಬರ್, ನವೆಂಬರ್ ಮಳೆಗೆ ನಂದಿ ಕಡೆಯ ರಸ್ತೆಯೇ ಕುಸಿದು ಸಂಚಾರ ನಿಂತಿತು. ಡಾಂಬರು ರಸ್ತೆಯ ಗತಿಯೇ ಹೀಗಾದರೆ ಬರೀ ಮಣ್ಣಿನ ಪಾಡೇನು?

ಡೇರೆ, ಒಲೆ, ಬೆಂಕಿ

ಇನ್ನು ಕೆಲವರಿಗೆ ರಾತ್ರಿ ಬಂಡೆಯ ಮೇಲೆ ಮಲಗಿ ನಕ್ಷತ್ರ ಎಣಿಸುವ ಆಸೆ. ಜೊತೆಗೆ ಒಂದಿಷ್ಟು ಸೌದೆ, ಬಾಟಲಿ, ಕೋಳಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದಲ್ಲಿ ಅಕ್ರಮವಾಗಿ ನುಗ್ಗುವುದೂ ಬೆಂಕಿ ಹಚ್ಚುವುದೂ ಅಪರಾಧ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಟ್ಟದ ಹುಲ್ಲು ಒಣಗಿ ಗರಿಗರಿ ಎನ್ನುತ್ತಿರುತ್ತದೆ. ಒಂದು ಬೀಡಿ ತುಂಡು ಸಾಕು. ಗಾಳಿ ಬೀಸಿತೋ, ಬೆಂಕಿ ಮೇಲ್ಮುಖವಾಗಿ ಓಡುತ್ತದೆ. ಕಡಿದಾದ ಕಡೆ ಬೆಂಕಿ ಆರಿಸುವ ಲಾರಿ ಹೋಗೋಕಾಗಲ್ಲ. ಸೊಪ್ಪಿನ ಕೊಂಬೆ ಹಿಡಿದು ಸಿಬ್ಬಂದಿಯೇ ಬಡಿದು ಆರಿಸಬೇಕು. ಡೇರೆಯಲ್ಲಿ ಇರಬೇಕೆನ್ನುವವರಿಗೆ ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲಿ ಜಂಗಲ್ ಲಾಡ್ಜಸ್‌ನವರ ಏರ್ಪಾಡಿದೆ. ದುಡ್ಡು ಕೊಟ್ಟು, ಹೇಳಿದ ಮಾತು ಕೇಳಿ ಇರಬಹುದು.

ಎಣಿಕೆ ಬೇಡವೇ?

2024ರ ಜನವರಿಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಚಾರಣಿಗರು ಒಟ್ಟಿಗೆ ಜಮಾಯಿಸಿ ನೂಕುನುಗ್ಗಲಾಯಿತು. ಆಮೇಲೆ ಎಚ್ಚೆತ್ತ ಸರ್ಕಾರ ಚಾರಣಕ್ಕೆ ತಡೆ ಹಾಕಿ, ಮುಂಗಡ ಟಿಕೆಟ್, ದಿನಕ್ಕೆ ಇಷ್ಟೇ ಜನ ಎಂಬ ಪದ್ಧತಿ ತಂದಿತು. ಚಾಮುಂಡಿಗೆ ಇದೇ ಕಟ್ಟುಪಾಡು ಹೊಂದದು. ತಾಯಿಯ ದರ್ಶನಕ್ಕೆ ಹೋಗುವವರಿಗೆ ಟಿಕೆಟ್ ಕೇಳೋಕಾಗತ್ತಾ? ಎಣಿಸಬೇಕಾದದ್ದು ಭಕ್ತರನ್ನಲ್ಲ, ವಾಹನಗಳನ್ನು.

ಅದರ ಉಪಾಯವೂ ಮೈಸೂರಿಗೆ ಹೊಸದಲ್ಲ. ಆಷಾಢ ಶುಕ್ರವಾರಗಳಲ್ಲಿ ಖಾಸಗಿ ವಾಹನಗಳನ್ನು ಲಲಿತಮಹಲ್ ಬಳಿ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಜನರನ್ನು ಮೇಲಕ್ಕೆ ಕಳಿಸಿದ ರೂಢಿ ವರ್ಷಗಳಿಂದ ಇದೆ. ಶುಕ್ರವಾರ ಆಗುವುದು ಭಾನುವಾರ ಯಾಕಾಗಬಾರದು? ಬೆಳಿಗ್ಗೆ ಎರಡು ಗಂಟೆ ಕಾರುಗಳನ್ನು ತಡೆದರೆ ಸೈಕಲ್‌ನವರು ನಿರ್ಭಯವಾಗಿ ರಸ್ತೆಯಲ್ಲೇ ತುಳಿಯುತ್ತಾರೆ. ಕಾಡಿನೊಳಗೆ ಜಾಡು ಹುಡುಕುವ ನೆಪವೂ ಇರದು. ದೇಶದಲ್ಲೇ ಮೊದಲೆನಿಸಿದ ಬಾಡಿಗೆ ಸೈಕಲ್ ಯೋಜನೆ ‘ಟ್ರಿಣ್ ಟ್ರಿಣ್’ 2017ರಲ್ಲಿ ಶುರುವಾದದ್ದು ಈ ಊರಿನಲ್ಲೇ ತಾನೇ? ಬಸ್ಸು ಹತ್ತಿ ಬಂದವರು ಸಾವಕಾಶವಾಗಿ ನಿಂತು ಹೂವು, ಹಣ್ಣು, ಕಡಲೆಪುರಿ ಕೊಳ್ಳುವುದರಿಂದ ಅಂಗಡಿಯವರಿಗೂ ನಷ್ಟವೇನಿಲ್ಲ.

ಕಷ್ಟ ಇರುವುದು ಇಷ್ಟರಲ್ಲೇ: ಕಾಡು ಒಂದು ಇಲಾಖೆಯದು, ರಸ್ತೆ ಇನ್ನೊಂದರದು, ಕಸ ಪಂಚಾಯಿತಿಯದು. 2024ರಲ್ಲಿ ಕ್ಷೇತ್ರಕ್ಕೆಂದೇ ಪ್ರಾಧಿಕಾರದ ಕಾಯ್ದೆ ಬಂದರೆ ಅದೂ ಕೋರ್ಟಿನ ಮೆಟ್ಟಿಲು ಹತ್ತಿತು. ಯಾರ ಸುಪರ್ದಿಯಲ್ಲೇ ಇರಲಿ, ಅಡ್ಡದಾರಿಗೆ ಮುಳ್ಳುಬೇಲಿ, ಬೇಸಿಗೆಗೆ ಹೆಚ್ಚು ಕಾವಲು, ಭಾನುವಾರ ಬೆಳಿಗ್ಗೆ ಬಸ್ಸು, ಈ ಮೂರಕ್ಕೆ ತೀರ್ಪು ಕಾಯಬೇಕಿಲ್ಲ. ಹೊಣೆ ಹೊತ್ತವರು ಒಂದು ಮುಂಜಾನೆ ಜೀಪು ಬಿಟ್ಟು ಮೆಟ್ಟಿಲು ಹತ್ತಿ ನೋಡುವರೇ?